ಕೊಯಮತ್ತೂರಿನಲ್ಲಿ ಶರಣ್ಯಾಳ ರೇಸು

ಆಷಾಢದ ಒಂದು ಗುರುವಾರ ಬೆಳಿಗ್ಗೆ ನಂಜನಗೂಡಿನಲ್ಲಿ ಕೊಯಮತ್ತೂರಿನ ಬಸ್ಸು ಹತ್ತಿದೆ. ಟಿಕೆಟ್ ಮುನ್ನೂರರ ಆಸುಪಾಸು. ಗಡಿ ದಾಟುವ ಬಸ್ಸಿನಲ್ಲಿ ಹೆಂಗಸರಿಗೂ ಟಿಕೆಟ್ ಉಂಟೆಂದು ಕಂಡಕ್ಟರ್ ನನಗೆ ಎರಡು ಸಲ ಹೇಳಬೇಕಾಯಿತು. ನಾನು ಹೈಸ್ಕೂಲೊಂದರಲ್ಲಿ ಪಿಟಿ ಟೀಚರ್, ಬಿಡುವಿನಲ್ಲಿ ಪತ್ರಿಕೆಗೆ ಅಷ್ಟಿಷ್ಟು ಬರೆಯುವವಳು. ಇಪ್ಪತ್ತು ವರ್ಷದಿಂದ ಮಕ್ಕಳನ್ನು ಓಡಿಸಿದ್ದೇನೆ, ಹಾರಿಸಿದ್ದೇನೆ. ಆ ಕಾರಣಕ್ಕೇ ನನ್ನ ಚಿಕ್ಕಪ್ಪನ ಮಗಳು ಜಾನಕಿ ಫೋನು ಮಾಡಿದ್ದಳು.

"ಅಕ್ಕ, ನೀನು ಬಂದು ಒಂದು ಮಾತು ಹೇಳಿ ಹೋಗು. ನಮ್ಮಿಬ್ಬರ ಮಾತು ಇನ್ನು ನಡೆಯಲ್ಲ."

ಇಬ್ಬರು ಎಂದರೆ ಅವಳು ಮತ್ತು ಅವಳ ಗಂಡ ರಂಗಸ್ವಾಮಿ. ವಿಷಯ ಅವರ ಮಗಳು ಶರಣ್ಯಾಳದು. ಹದಿನಾರು ವರ್ಷ, ಅಲ್ಲಿನ ಲೆಕ್ಕದಲ್ಲಿ ಪ್ಲಸ್ ಒನ್, ಅಂದರೆ ನಮ್ಮ ಮೊದಲ ಪಿಯುಸಿ. ಹುಡುಗಿ ಮೋಟಾರ್ ಸೈಕಲ್ ರೇಸಿಗಿಳಿಯುತ್ತಾಳೆ. ಚೆನ್ನೈನ ತಂಡವೊಂದು ಅವಳನ್ನು ವೃತ್ತಿಪರ ಸವಾರಳಾಗಿ ತೆಗೆದುಕೊಳ್ಳಲು ಮುಂದೆ ಬಂದಿತ್ತು. ನಾಲ್ಕು ವರ್ಷದ ಒಪ್ಪಂದ, ಸಂಬಳ, ಹೊಸ ಬೈಕು, ಚೆನ್ನೈನಲ್ಲಿ ವಾಸ. ಕಾಲೇಜಿಗೆ ಹೋಗುವಂತಿಲ್ಲ, ಪರೀಕ್ಷೆಯನ್ನು ಖಾಸಗಿಯಾಗಿ ಬರೆದುಕೊಳ್ಳಬಹುದು. ಶನಿವಾರ ಅವರ ಊರಿನಲ್ಲೇ ರೇಸು, ಅದು ಮುಗಿದ ಮೇಲೆ ಸಹಿ.

ನಾನು ಹೊರಟಾಗಲೇ ಉತ್ತರವನ್ನು ಜೊತೆಯಲ್ಲಿ ಕಟ್ಟಿಕೊಂಡಿದ್ದೆ. ಹೋಗಲಿ ಎಂದೇ ನನ್ನ ಮನಸ್ಸು. ಗಾಳಿಯಂತೆ ಓಡುತ್ತಿದ್ದ ಎಷ್ಟು ಹುಡುಗಿಯರನ್ನು "ಮೊದಲು ಪರೀಕ್ಷೆ ಮುಗಿಯಲಿ" ಎಂದು ಮನೆಯವರು ಮೈದಾನದಿಂದ ಎಳೆದುಕೊಂಡು ಹೋದದ್ದನ್ನು ಕಂಡವಳು ನಾನು. ಪರೀಕ್ಷೆ ಮುಗಿಯುವಷ್ಟರಲ್ಲಿ ಆ ಕಾಲುಗಳಲ್ಲಿದ್ದದ್ದೂ ಮುಗಿದಿರುತ್ತಿತ್ತು.

ಚಾಮರಾಜನಗರ ದಾಟಿ, ಹಾಸನೂರಿನ ಕಾಡಿನಲ್ಲಿ ಆನೆಯೊಂದನ್ನು ದೂರದಿಂದ ಕಂಡು, ದಿಂಬಂ ಘಾಟಿಯ ತಿರುವುಗಳಲ್ಲಿ ಇಳಿದೆವು. ಲಾರಿಯೊಂದು ಒಂದೇ ಸಲಕ್ಕೆ ತಿರುಗಲಾರದೆ ಹಿಂದೆ ಮುಂದೆ ಮಾಡುತ್ತಿದ್ದಾಗ ಬಸ್ಸಿನವರೆಲ್ಲ ಕಿಟಕಿಯಿಂದ ಇಣುಕಿ ಅದಕ್ಕೆ ದಾರಿ ಹೇಳಿದರು. ಸತ್ಯಮಂಗಲದಲ್ಲಿ ಮಲ್ಲಿಗೆ ಮೊಗ್ಗಿನ ಮೂಟೆಗಳು ಹತ್ತಿದವು. ಅಲ್ಲಿಂದ ಮುಂದಕ್ಕೆ ಬಸ್ಸೆಲ್ಲ ಹೂವಿನ ವಾಸನೆ, ಹೊರಗೆ ಬಾಳೆ ತೋಟ, ಮೈಗೆ ತಾಗುವ ಒಣ ಗಾಳಿ. ಮಧ್ಯಾಹ್ನ ದಾಟುವ ಹೊತ್ತಿಗೆ ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಇಳಿದೆ. ಅಲ್ಲಿ ಬೀದಿಯೇ ಒಂದು ಕಾರ್ಖಾನೆ. ಮನೆ, ಮನೆಯ ಪಕ್ಕ ಲೇತ್, ಲೇತಿನ ಪಕ್ಕ ದೋಸೆಯಂಗಡಿ, ಅದರ ಹಿಂದೆ ಇನ್ನೊಂದು ಲೇತ್. ಪಂಪಿನ ಬಿಡಿಭಾಗ ಮಾಡುವ ಇಂಥ ಸಣ್ಣ ವರ್ಕ್‌ಶಾಪನ್ನು ಅಲ್ಲಿಯವರು ಪಟ್ಟರೆ ಎನ್ನುತ್ತಾರೆ. ರಂಗಸ್ವಾಮಿಯದೂ ಅಂಥದೊಂದು.

"ವಾಂಗಕ್ಕಾ, ವಾಂಗ!" ಎಂದವನು ತಾನೇ ನಕ್ಕ. "ಬನ್ನಿ ಬನ್ನಿ. ಪಟ್ಟರೆಯೊಳಗೆ ನಿಂತರೆ ಬಾಯಲ್ಲಿ ತಮಿಳೇ ಬತ್ತದೆ." ಅವನ ಮನೆತನ ಅಲ್ಲಿ ನೆಲೆಸಿ ಎಷ್ಟು ತಲೆಮಾರಾಯಿತೋ ಅವನಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು.

ಪಟ್ಟರೆಯ ಮೂಲೆಯಲ್ಲಿ ಬೈಕಿನ ಎಂಜಿನ್ನು ಬಿಚ್ಚಿಟ್ಟಿತ್ತು. ಅದರ ಮುಂದೆ ಚಕ್ಕಳಮಕ್ಕಳ ಕೂತಿದ್ದ ಹುಡುಗಿ ತಲೆಯೆತ್ತಿದಳು. ಸಣ್ಣ ಮೈ, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ಮೊಣಕೈವರೆಗೆ ಗ್ರೀಸು. "ದೊಡ್ಡಮ್ಮ, ಕೈ ಕೊಡಂಗಿಲ್ಲ," ಎಂದು ಮೊಣಕೈಯಿಂದ ನನ್ನ ತೋಳು ತಟ್ಟಿದಳು. "ನೀವು ನನ್ನ ರೇಸು ನೋಡಿ ಬರೀತೀರಂತೆ? ಬರೆದರೂ ನನಗೆ ಕನ್ನಡ ಓದಕ್ಕೆ ಬರಲ್ಲ. ಫೋನಲ್ಲಿ ಓದಿ ಹೇಳಬೇಕು."

ಆ ಸಂಜೆ ಜಾನಕಿ ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿದ ಕೊಂಗುನಾಡಿನ ಅನ್ನ ಬಡಿಸಿದಳು. ಮೇಲೆ ತುಪ್ಪ, ಪಕ್ಕದಲ್ಲಿ ಹಪ್ಪಳ. ಉಣ್ಣುತ್ತಲೇ ವಾದ ಶುರುವಾಯಿತು. ಜಾನಕಿಗೆ ಬೀಳುವ ಭಯವಿರಬಹುದು ಎಂದು ನಾನು ಊಹಿಸಿದ್ದು ತಪ್ಪಾಗಿತ್ತು. ಮಗಳ ಕಾಲರ್ ಬೋನ್ ಮುರಿದಾಗ ಆಸ್ಪತ್ರೆಯಿಂದ ನೇರ ಟ್ರ್ಯಾಕಿಗೆ ಕರೆದುಕೊಂಡು ಹೋಗಿ, ಬಿದ್ದ ಜಾಗವನ್ನು ತೋರಿಸು ಎಂದು ಕೇಳಿದವಳು ಅವಳು.

"ಬೀಳ್ಲಿ, ಏಳ್ತಾಳೆ," ಎಂದಳು. "ನಾಲ್ಕು ವರ್ಷ ಅಂತ ಬರಕೊಡಬೇಕಲ್ಲಕ್ಕ, ಅದು ನನಗೆ ಬಯ. ಹದಿನಾರರಲ್ಲಿ ಇವಳಿಗೆ ಬೆಳಿಗ್ಗೆ ಇಷ್ಟವಾದ ದಾವಣಿ ಸಂಜೆ ಇಷ್ಟ ಇರಲ್ಲ."

"ದಾವಣಿಗೂ ಇದಕ್ಕೂ ಏನು ಸಂಬಂಧ?" ರಂಗಸ್ವಾಮಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟ. "ಇಟಲಿ, ಸ್ಪೇನಲ್ಲಿ ಮಕ್ಕಳು ಹಲ್ಲು ಬೀಳೋ ವಯಸ್ಸಿಗೇ ಓಡಿಸ್ತಾವೆ. ಹದಿನೆಂಟು ಅಂದರೆ ಈ ಆಟದಲ್ಲಿ ಲೇಟು. ನಾನು ಇವಳಿಗೆ ಮೊದಲ ವಂಡಿ ಮಾಡಿಕೊಟ್ಟದ್ದು ಹಳೇ ಪಂಪಿನ ಎಂಜಿನ್ನಲ್ಲಿ. ಅದರಲ್ಲೇ ಎಲ್ಲರಿಗಿಂತ ಮುಂದೆ ಹೋದಳು. ನಿಜವಾದ ವಂಡಿ ಕೊಡ್ತೀವಿ ಅಂತ ಬಂದಿದ್ದಾರೆ, ಬೇಡ ಅನ್ನಲಾ?"

ನಾನು ರಂಗಸ್ವಾಮಿಯ ಕಡೆಗೇ ವಾಲಿ ಮಾತಾಡಿದೆ. ಜಾನಕಿ ನನ್ನ ಮುಖ ನೋಡಿ, "ನಾಳೆ ತಿರುಪ್ಪೂರಿಗೆ ಬಾ. ಒಬ್ಬನನ್ನು ಕಾಣಬೇಕು. ಆಮೇಲೆ ಹೇಳು," ಎಂದಳು. ಮಗಳಿಗೂ ಬರಲು ಹೇಳಿದಳು. ಕಾಲೇಜಿಗೆ ಒಂದು ದಿನ ರಜೆ.

ಶುಕ್ರವಾರ ಬೆಳಿಗ್ಗೆ ಮೂವರೂ ಹೊರಟೆವು. ಗಾಂಧಿಪುರಂವರೆಗಿನ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಗಡಿಯಿಂದ ಈಚೆಗೂ ನನ್ನ ಭಾಗ್ಯ ತೆರೆಯಿತು ಎಂದು ನಕ್ಕೆವು. ಅಲ್ಲಿಂದ ಅವಿನಾಶಿ ರಸ್ತೆಯಲ್ಲಿ ತಿರುಪ್ಪೂರಿಗೆ ಐವತ್ತು ಕಿಲೋಮೀಟರಿನಷ್ಟು ದಾರಿ. ಬಸ್ಸು ನಡುವೆ ಯಾರನ್ನೂ ಲೆಕ್ಕಿಸದೆ ಹಾರಿತು. ಶರಣ್ಯಾ ಕಿಟಕಿಗೆ ಅಂಟಿಕೊಂಡು ಡ್ರೈವರನ ಪ್ರತಿ ಓವರ್‌ಟೇಕಿಗೂ ಅಂಕ ಕೊಡುತ್ತಿದ್ದಳು. "ಇದು ಚೆನ್ನಾಗಿತ್ತು. ಇದು ಬೇಡವಾಗಿತ್ತು. ಅಯ್ಯಯ್ಯೋ, ಇವರಿಗೆ ನಮ್ಮ ರೇಸಲ್ಲಿ ಲೈಸೆನ್ಸೇ ಕೊಡಲ್ಲ ದೊಡ್ಡಮ್ಮ!"

ನಾವು ಕಾಣಲು ಹೋದದ್ದು ಪ್ರಭು ಎಂಬ ಯುವಕನನ್ನು. ಮೂಲದಲ್ಲಿ ನೇಯ್ಗೆಯ ಕನ್ನಡ ಮನೆತನದವನು. ಹದಿನೈದರಲ್ಲಿ ಬೇರೊಂದು ತಂಡ ಸೇರಿ ರೇಸಿಗಿಳಿದವನು, ಈಗ ಇಪ್ಪತ್ತಾರರ ಹತ್ತಿರ. ತಿರುಪ್ಪೂರಿನ ಒಂದು ಓಣಿಯಲ್ಲಿ ಬನಿಯನ್ನುಗಳ ಮೇಲೆ ಚಿತ್ರ ಅಚ್ಚು ಹಾಕುವ ಘಟಕ ನಡೆಸುತ್ತಾನೆ. ಉದ್ದದ ಮೇಜುಗಳ ಮೇಲೆ ನೂರಾರು ಬಿಳಿ ಟೀ ಶರ್ಟುಗಳು ಕೈಚಾಚಿ ಮಲಗಿದ್ದವು. ಬಣ್ಣದ ಘಾಟು ಕಣ್ಣಿಗೆ ಹತ್ತುತ್ತಿತ್ತು. ಒಂದು ಮೂಲೆಯಲ್ಲಿ ಅವನ ತಂದೆ ಬಟ್ಟೆ ಮಡಚುತ್ತ ಕೂತಿದ್ದರು.

ಪ್ರಭು ಶರಣ್ಯಾಳನ್ನು ಕಂಡು ಅರಳಿದ. "ನೀನಾ? ನಿನ್ನ ವಿಡಿಯೋ ನೋಡಿದೀನಿ. ಮೂರನೇ ತಿರುವಲ್ಲಿ ಅಷ್ಟು ತಡವಾಗಿ ಬ್ರೇಕ್ ಹಿಡೀತೀಯಲ್ಲ, ಯಾರು ಹೇಳಿಕೊಟ್ಟರು?"

ಇಬ್ಬರೂ ಬನಿಯನ್ನುಗಳ ನಡುವೆ ನಿಂತು ಕೈಗಳಲ್ಲೇ ತಿರುವುಗಳನ್ನು ಬರೆಯುತ್ತ ಮಾತಿಗಿಳಿದರು. ಅವನ ಬಲಗೈ ಮಣಿಕಟ್ಟು ಬಾಗುತ್ತಿರಲಿಲ್ಲ ಎಂಬುದು ನನಗೆ ಆಗ ಕಂಡಿತು. ವೇಗ ಕೊಡುವ ಕೈ ಅದು. ಜಾನಕಿಯೇ ಕೇಳಿದಳು, ಇದು ಆದದ್ದು ಹೇಗೆ ಎಂದು.

"ಮೊದಲ ವರ್ಷ ಸ್ವರ್ಗ ಅಕ್ಕಾ," ಎಂದ ಪ್ರಭು. "ಎರಡೂ ಮೂರೂ ಹಾಗೇ. ಹತ್ತೊಂಬತ್ತರಲ್ಲಿ ಬಿದ್ದೆ. ಮೂಳೆ ಕೂಡೋ ಮೊದಲೇ ಮತ್ತೆ ಹತ್ತಿದೆ. ಹತ್ತು ಅಂತ ಯಾರೂ ಹೇಳಲಿಲ್ಲ. ಬೇಡ ಅಂತಾನೂ ಯಾರೂ ಹೇಳಲಿಲ್ಲ. ಸೀಜನ್ ಹೋಗ್ತದಲ್ಲ ಅಂತ ನನಗೇ ಅವಸರ. ಹತ್ತನೇ ಕ್ಲಾಸು ಬಿಟ್ಟರೆ ಬೇರೆ ಓದಿಲ್ಲ. ವಾಪಸ್ ಬಂದಾಗ ನನಗೆ ಗೊತ್ತಿದ್ದ ವೇಲೆ, ಕೆಲಸ ಅಂದರೆ ಅದೊಂದೇ, ಅದನ್ನು ಮಾಡಕ್ಕೆ ಕೈ ಇಲ್ಲ."

"ಅಣ್ಣಾ," ಶರಣ್ಯಾ ಮೆಲ್ಲಗೆ ಕೇಳಿದಳು, "ಹೋಗಬಾರದಿತ್ತು ಅನ್ನಿಸ್ತದಾ?"

ಜಾನಕಿ ಒಂದು ಹೆಜ್ಜೆ ಮುಂದೆ ಬಂದಳು. ಈ ಒಂದು ಉತ್ತರಕ್ಕಾಗಿಯೇ ಮಗಳನ್ನು ಅಲ್ಲಿಗೆ ಕರೆತಂದಿದ್ದಳು.

"ಇಲ್ಲ ಅಮ್ಮಣಿ," ಎಂದುಬಿಟ್ಟ ಪ್ರಭು. "ಇನ್ನೊಂದು ಸಲ ಕೇಳಿದರೂ ಹೋಗ್ತೀನಿ. ಆ ನಾಲ್ಕು ವರ್ಷ ನಾನು ಯಾರಿಗೂ ಕೊಡಲ್ಲ." ಹೇಳುವಾಗ ಅವನ ಕಣ್ಣು ಹೊಳೆಯಿತು.

ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಮೂಲೆಯಿಂದ ಅವನ ತಂದೆ ಮಾತಾಡಿದರು. ಮಡಚುವ ಕೈ ನಿಂತಿರಲಿಲ್ಲ. "ಅವನು ಹೋಗ್ತಾನೆ. ಕಾಗದಕ್ಕೆ ಕೈಯೆಳುತ್ತು, ಸಹಿ, ಹಾಕಿದ್ದು ಅವನಲ್ಲವಲ್ಲ. ಮೈನರ್ ಅಂತ ನನ್ನ ಕೈಲಿ ಹಾಕಿಸಿಕೊಂಡರು. ಈಗ ಅವನು ಕಾಪಿ ಲೋಟ ಎತ್ತಿದಾಗೆಲ್ಲ ನಾನು ಆಕಡೆ ತಿರುಗಿಕೊತೀನಿ."

ಪ್ರಭು ತಂದೆಯ ಕಡೆ ನೋಡಿದ. ಅವನು ಈ ಮಾತನ್ನು ಹಿಂದೆ ಎಂದೂ ಕೇಳಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

ಹಿಂದಿರುಗುವಾಗ ಶರಣ್ಯಾ ಯಾರ ಓವರ್‌ಟೇಕಿಗೂ ಅಂಕ ಕೊಡಲಿಲ್ಲ. ಗಾಂಧಿಪುರಂನಲ್ಲಿ ಇಳಿದು ಕಾಳಾನ್ ತಿಂದೆವು. ಅಣಬೆ, ಎಲೆಕೋಸನ್ನು ಕಾವಲಿಯ ಮೇಲೆ ಕುಟ್ಟಿ ಬೇಯಿಸಿ ಕೊಡುವ ಖಾರದ ತಿಂಡಿ, ಆ ಊರಿನ ಹುಡುಗರಿಗೆ ಪ್ರಾಣ. ಅವಳು ತನ್ನ ತಟ್ಟೆಯನ್ನು ಅರ್ಧಕ್ಕೇ ನನ್ನ ಕಡೆ ಸರಿಸಿದಳು. ಮನೆಯಲ್ಲಿ ರಂಗಸ್ವಾಮಿ ನನ್ನ ತೀರ್ಮಾನ ಕೇಳಿದಾಗ, "ಹೌದು ಎನ್ನಲಿಕ್ಕೆ ಬಂದವಳು. ಈಗ ನನಗೂ ಗೊತ್ತಿಲ್ಲ," ಎಂದೆ. ಆಗ ಶರಣ್ಯಾ ಒಳಗಿನಿಂದಲೇ ಕೂಗಿದಳು: "ರೇಸು ಮುಗೀಲಿ. ನಾನೇ ಹೇಳ್ತೀನಿ. ಇಷ್ಟು ದಿನದಲ್ಲಿ ನನ್ನನ್ನು ಯಾರಾದರೂ ಕೇಳಿದಿರಾ?"

ನಾವು ಮೂವರು ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡೆವು. ಕೇಳಿರಲಿಲ್ಲ.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಬೈಕನ್ನು ರಂಗಸ್ವಾಮಿಯ ಹಳೆಯ ಮಾರುತಿ ವ್ಯಾನಿಗೆ ಕಟ್ಟಿದ ಟ್ರೇಲರಿಗೆ ಹತ್ತಿಸಿ ಹೊರಟೆವು. ಉಕ್ಕಡಂನಲ್ಲಿ ಮೀನಿನ ಲಾರಿಗಳು ರಸ್ತೆಗೆ ಅಡ್ಡ ನಿಂತಿದ್ದವು. ಮಂಜುಗಡ್ಡೆಯ ನೀರು ಹರಿದು ದಾರಿಯೆಲ್ಲ ಒದ್ದೆ, ಮೂಗಿಗೆ ಕಡಲಿನ ವಾಸನೆ. ಕೆರೆಯ ಮೇಲೆ ಗಾಳಿ ಅಲೆ ಎಬ್ಬಿಸಿತ್ತು. ಅದನ್ನು ನೋಡಿ ರಂಗಸ್ವಾಮಿ, "ಪಾಲಕ್ಕಾಡಿನ ಗಾಳಿ. ಇವತ್ತು ಜೋರು," ಎಂದ. ಪಶ್ಚಿಮ ಘಟ್ಟದಲ್ಲಿ ಪಾಲಕ್ಕಾಡಿನ ಹತ್ತಿರ ಒಂದು ಕಣಿವೆ ಬಾಯಿ ತೆರೆದಿದೆ. ಆಷಾಢದಲ್ಲಿ ಕೇರಳದ ಗಾಳಿಯೆಲ್ಲ ಅದರೊಳಗೆ ನುಗ್ಗಿ ಈ ಬಯಲಿಗೆ ಬಂದು ಬೀಳುತ್ತದೆ.

ಚೆಟ್ಟಿಪಾಳ್ಯಂ ಕಡೆಯ ಟ್ರ್ಯಾಕಿನಲ್ಲಿ ಇಳಿದಾಗ ಸೆರಗು ನಿಲ್ಲಲಿಲ್ಲ. ಹದಿಹರೆಯದವರ ರೇಸಿಗೆ ಹನ್ನೆರಡು ಹದಿಮೂರು ಸವಾರರು. ಎಲ್ಲರ ಬೈಕೂ ಒಂದೇ ಜಾತಿಯದು, ಅದನ್ನು ಹದಗೊಳಿಸುವ ಕೈ ಮಾತ್ರ ಬೇರೆ. ಬೆಳಗಿನ ಅರ್ಹತಾ ಸುತ್ತಿನ ನಂತರ ಹೊರಡುವ ಸಾಲಿನಲ್ಲಿ ಶರಣ್ಯಾಳಿಗೆ ಸಿಕ್ಕಿದ್ದು ಆರನೇ ಸ್ಥಾನ. ಅವಳಿಗಿಂತ ಮುಂದೆ, ಮೂರರಲ್ಲಿ, ಮಧುರೆಯ ಅಶ್ವಿನ್ ಎಂಬ ಹದಿನೈದರ ಹುಡುಗ. ಇಬ್ಬರೂ ನೀರಿನ ಬಾಟಲಿ ಹಂಚಿಕೊಂಡು ಕುಡಿದು, ಹೆಲ್ಮೆಟ್ ಹಾಕಿಕೊಂಡ ಮೇಲೆ ಒಬ್ಬರ ಕಡೆ ಒಬ್ಬರು ನೋಡಲಿಲ್ಲ.

ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ರೇಸು ಶುರುವಾಯಿತು. ಎಂಟು ಸುತ್ತು. ಕೆಂಪು ದೀಪ ಆರಿದ್ದೇ ತಡ, ಆ ಸದ್ದು ಕಿವಿಗಲ್ಲ, ಎದೆಗೂಡಿಗೇ ಬಂದು ಬಡಿಯಿತು. ಮೊದಲ ತಿರುವಿನಲ್ಲಿ ಎಲ್ಲ ಬೈಕೂ ಒಂದೇ ಗುಡ್ಡೆಯಾಗಿ ಕಂಡವು. ಗುಡ್ಡೆ ಬಿಚ್ಚಿಕೊಂಡಾಗ ನಮ್ಮ ಹುಡುಗಿ ನಾಲ್ಕರಲ್ಲಿದ್ದಳು. ಜಾನಕಿ ನನ್ನ ಮಣಿಕಟ್ಟನ್ನು ಹಿಡಿದಳು. ರೇಸು ಮುಗಿಯುವವರೆಗೂ ಬಿಡಲಿಲ್ಲ.

ದೊಡ್ಡ ನೇರ ದಾರಿಯಲ್ಲಿ ಗಾಳಿ ಎದುರಿಂದ ಹೊಡೆಯುತ್ತಿತ್ತು. ಮುಂದಿದ್ದವರ ಬೈಕು ಅಲ್ಲಿ ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ನಿಧಾನವಾಗುತ್ತಿತ್ತು. ಮೂರನೇ ಸುತ್ತಿನಲ್ಲಿ ಶರಣ್ಯಾ ಅಶ್ವಿನ್‌ನ ಹಿಂದೆ ಎಷ್ಟು ಹತ್ತಿರ ಸೇರಿಕೊಂಡಳೆಂದರೆ, ನಮಗೆ ಎರಡು ಬೈಕು ಒಂದಾಗಿ ಕಂಡಿತು. ಗದ್ದ ಟ್ಯಾಂಕಿಗೆ ಅಂಟಿಸಿ ಅವನ ಬೆನ್ನಿನ ಮರೆಯಲ್ಲಿ ಗಾಳಿಯಿಂದ ಅಡಗಿದ್ದಳು. ನಾಲ್ಕು, ಐದು, ಆರು. ಪ್ರತಿ ಸುತ್ತಿನಲ್ಲೂ ಹಾಗೆಯೇ. "ಹೊರಗೆ ಬಾ, ಹೊರಗೆ ಬಾ," ಎಂದು ರಂಗಸ್ವಾಮಿ ತಂತಿ ಬೇಲಿ ಹಿಡಿದು ಗೋಗರೆಯುತ್ತಿದ್ದ. ಅವಳು ಬರಲಿಲ್ಲ. ಅಶ್ವಿನ್ ಇನ್ನೊಬ್ಬನನ್ನು ಹಿಂದಿಕ್ಕಿ ಎರಡನೆಯವನಾದಾಗಲೂ ಅವನ ನೆರಳಿನಂತೆ ತಾನೂ ಮೂರಕ್ಕೆ ಬಂದಳು.

ಕೊನೆಯ ಸುತ್ತು. ನೇರ ದಾರಿಯ ಮುಕ್ಕಾಲು ಭಾಗ ಮುಗಿದಾಗ ಅವಳು ಆ ಮರೆಯಿಂದ ಹೊರಕ್ಕೆ ಜಿಗಿದಳು. ಇಬ್ಬರೂ ಅಕ್ಕಪಕ್ಕ. ಅಶ್ವಿನ್ ಬ್ರೇಕ್ ಹಿಡಿದ. ಅವಳು ಹಿಡಿಯಲಿಲ್ಲ. ಇನ್ನೂ ಹಿಡಿಯಲಿಲ್ಲ. ಬಿದ್ದೇಬಿಟ್ಟಳು ಎಂದು ನಾನು ಕಣ್ಣು ಮುಚ್ಚಬೇಕೆನ್ನುವಾಗ ಬೈಕು ಹಿಂಬದಿ ಎತ್ತಿ, ಒಮ್ಮೆ ಅಲುಗಿ, ಅವಳ ಮೊಣಕಾಲು ನೆಲ ಸವರಿ, ಒಳಗಿನ ಒಂದು ಗೇಣು ಜಾಗದಲ್ಲಿ ನುಗ್ಗಿ ಹೋಯಿತು. ಇಪ್ಪತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದ ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ನಿಂತು ಕಿರುಚುತ್ತಿದ್ದೆ. ಏನು ಕಿರುಚಿದೆನೋ ನೆನಪಿಲ್ಲ, ಕನ್ನಡವಂತೂ ಆಗಿರಲಿಲ್ಲ ಎಂದು ಜಾನಕಿ ಆಮೇಲೆ ಹೇಳಿದಳು. ಎರಡನೇ ಸ್ಥಾನ. ಗೆದ್ದವನು ಅದಾಗಲೇ ಆ ಚೆನ್ನೈ ತಂಡದಲ್ಲಿದ್ದ ಹಿರಿಯ ಹುಡುಗ. ಅಶ್ವಿನ್ ಮೂರನೆಯವನು.

ತಂಡದ ವ್ಯವಸ್ಥಾಪಕರ ಹೆಸರು ಸೆಲ್ವಂ. ಮೆದು ಮಾತಿನ ಸಭ್ಯ ಮನುಷ್ಯ. ತಗಡಿನ ಶೆಡ್ಡಿನ ಕೆಳಗೆ ಬಂದು ಹುಡುಗಿಯ ಹೆಲ್ಮೆಟ್ ತಟ್ಟಿ, ಕಾಗದಗಳನ್ನು ಮೇಜಿನ ಮೇಲಿಟ್ಟು ಗಾಳಿಗೆ ಹಾರದಂತೆ ಮೇಲೊಂದು ಸ್ಪ್ಯಾನರ್ ಇಟ್ಟರು. ಪೆನ್ನನ್ನು ರಂಗಸ್ವಾಮಿಗೆ ಕೊಟ್ಟರು.

"ಸಾರ್," ಶರಣ್ಯಾ ತಮಿಳಿನಲ್ಲಿ ಕೇಳಿದಳು. ಮುಖವಿನ್ನೂ ಕೆಂಪಗೆ ಉರಿಯುತ್ತಿತ್ತು. "ಒಂದು ವರ್ಷಕ್ಕೆ ಅಂತ ಮಾಡಬಹುದಾ? ನಾನು ಇಲ್ಲೇ ಇದ್ದು ಓದಿಕೊಂಡು, ರೇಸಿಗೆ ಮಾತ್ರ ಬರ್ತೀನಿ."

"ಎಲ್ಲರಿಗೂ ಒಂದೇ ಕ್ರಮ ಅಮ್ಮಣಿ. ಆದರೂ ಕೇಳಿ ನೋಡ್ತೀನಿ. ಆಗಲ್ಲ ಅಂದರೆ?"

"ಆಗಲ್ಲ ಅಂದರೆ ಹದಿನೆಂಟಾಗಲಿ ಸಾರ್. ಆಗ ನಾನೇ ಕೈಯೆಳುತ್ತು ಹಾಕ್ತೀನಿ."

ಸೆಲ್ವಂ ಒಂದು ಕ್ಷಣ ಅವಳನ್ನೇ ನೋಡಿ, ಬೆಳಿಗ್ಗೆ ಫೋನು ಮಾಡುವುದಾಗಿ ಹೇಳಿ ಕಾಗದ ಮಡಚಿಕೊಂಡರು. ಶೆಡ್ಡಿನಿಂದ ಹೊರಟವರು ಅಶ್ವಿನ್‌ನ ಮನೆಯವರಿದ್ದ ಕಡೆಗೆ ನಡೆದರು.

ರಂಗಸ್ವಾಮಿ ಮಗಳ ಕಡೆ ತಿರುಗಿದ. "ಹದಿನೆಂಟಕ್ಕೆ ಇವರು ಬತ್ತಾರೇನೇ? ಯಾರು ಕಾಯ್ತಾರೆ ನಿನಗೆ?"

"ಬರದೇ ಇರಬಹುದಪ್ಪ." ಅವಳ ಕಣ್ಣು ತುಂಬಿತ್ತು. "ಹೋಗಬೇಕು ಅಂತ ನನಗೆ ಎಷ್ಟು ಆಸೆ ಅಂತ ನಿಮಗೆ ಗೊತ್ತಾ? ಆದರೆ ಕೆಟ್ಟರೆ ನನ್ನ ತಪ್ಪಾಗಿ ಕೆಡಲಿ. ತಿರುಪ್ಪೂರಲ್ಲಿ ಆ ತಾತ ಮಗನ ಕೈ ನೋಡಲ್ವಂತೆ. ನೀವು ಹಾಗೆ ನನ್ನ ನೋಡೋದು ಬೇಡ."

ಅವನು ಟ್ರೇಲರಿನ ಹಿಂದೆ ಹೋಗಿ ಹಗ್ಗ ಬಿಗಿಯತೊಡಗಿದ. ಮನೆ ಸೇರುವವರೆಗೂ ಮಗಳೊಡನೆ ಮಾತಾಡಲಿಲ್ಲ. ಜಾನಕಿಯಾದರೂ ಗೆದ್ದವಳಂತಿರಲಿಲ್ಲ. ಎರಡನೇ ಸ್ಥಾನದ ಟ್ರೋಫಿಯನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಅದರ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು.

ಭಾನುವಾರ ನಾನು ಊಟಿಯ ದಾರಿಯಲ್ಲಿ ನಂಜನಗೂಡಿಗೆ ಮರಳುವುದೆಂದು ಮಾಡಿದ್ದೆ. ಮೂವರೂ ಮೇಟ್ಟುಪಾಳ್ಯಂವರೆಗೆ ವ್ಯಾನಿನಲ್ಲಿ ಬಿಡಲು ಬಂದರು. ಪೆರಿಯನಾಯಕನಪಾಳ್ಯಂನಲ್ಲಿ ಟೀ ಕುಡಿಯಲು ನಿಂತೆವು. ಎದುರಿನ ಮಿಲ್ಲಿನಿಂದ ಪಾಳಿ ಮುಗಿಸಿದ ಹೆಂಗಸರು ಕೂದಲಿಗೆ ಹತ್ತಿಯ ಎಳೆ ಅಂಟಿಸಿಕೊಂಡು ಹೊರಬರುತ್ತಿದ್ದರು. ಬಜ್ಜಿ ಬಿಸಿಯಿತ್ತು. ಆಗ ರಂಗಸ್ವಾಮಿಯ ಫೋನು ಹೊಡೆಯಿತು. ಹೆಸರು ನೋಡಿ ಅವನು ಅದನ್ನು ಮಗಳಿಗೆ ಕೊಟ್ಟ.

ಅವಳು ಕೇಳಿಸಿಕೊಂಡಳು. "ಸರಿಂಗ ಸಾರ್. ನನ್ರಿ ಸಾರ್," ಎಂದು ವಂದನೆ ಹೇಳಿದಳು. ಫೋನು ಇಟ್ಟು ನಮ್ಮ ಕಡೆ ತಿರುಗಿದಳು. "ಒಂದು ವರ್ಷಕ್ಕೆ ಆಗಲ್ವಂತೆ. ಅಶ್ವಿನ್‌ಗೆ ಕೊಟ್ಟರಂತೆ."

ಅವಳು ಸರಿಯಾಗಿ ಮಾಡಿದಳೆಂದು ಹಿಂದಿನ ದಿನ ಎಷ್ಟು ಬಲವಾಗಿ ಅನ್ನಿಸಿತ್ತೋ, ಈಗ ನನಗೆ ಅಷ್ಟೇ ಬಲವಾಗಿ ಅನುಮಾನ ಬಂತು. ಆ ಕೊನೆಯ ತಿರುವನ್ನು ಕಣ್ಣಾರೆ ಕಂಡವರು ಯಾರೂ ಅಂಥ ಹುಡುಗಿಗೆ ಕಾದಿರು ಎನ್ನಲಾರರು. ಇಂದು ಊರಿಗೆ ಮರಳಿ ಇದನ್ನು ಬರೆಯುವಾಗಲೂ ಯಾವುದು ಸರಿಯಿತ್ತೆಂದು ನಾನು ಹೇಳಲಾರೆ. ಜಾನಕಿ ಮಗಳ ಬೆನ್ನ ಮೇಲೆ ಕೈಯಿಟ್ಟಳು. ಹುಡುಗಿ ಬಜ್ಜಿಯ ಕಾಗದವನ್ನು ಸಣ್ಣಗೆ ಸಣ್ಣಗೆ ಮಡಚಿದಳು.

ಮೇಟ್ಟುಪಾಳ್ಯಂ ಬಸ್ ಸ್ಟ್ಯಾಂಡಿನಲ್ಲಿ ಊಟಿಯ ಬಸ್ಸು ಹೊರಡಲು ಸಿದ್ಧವಾಗಿತ್ತು. ನನ್ನ ಚೀಲವನ್ನು ಸೀಟಿನ ಮೇಲಿಟ್ಟು ಕೆಳಗಿಳಿದ ಶರಣ್ಯಾ ಕಿಟಕಿಯ ಕೆಳಗೆ ನಿಂತು, ಯಾರಿಗೆಂದಲ್ಲದೆ, ಕೇಳಿದಳು:

"ಅವನಿಗೆ ಆ ಹೊಸ ವಂಡಿ ಸಿಗ್ತದೆ, ಅಲ್ವಾ? ಬರೋ ರೇಸಲ್ಲಿ ಆ ವಂಡೀನ ನಾನು ನಮ್ಮ ಪಟ್ಟರೆ ವಂಡಿಯಲ್ಲಿ ಹೊಡೆದರೆ ಹೆಂಗಿರ್ತದೆ?"

ರಂಗಸ್ವಾಮಿ ದೂರದ ನೀಲಗಿರಿಯ ಮೋಡ ನೋಡುತ್ತ ನಿಂತಿದ್ದ. ಆಮೇಲೆ ಮೋಡಕ್ಕೇ ಹೇಳುವವನಂತೆ, "ಚೈನು ಸುತ್ತೋ ಹಿಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಜಾಸ್ತಿ ಮಾಡಬೇಕು. ಆ ಗಾಳೀಲಿ ಎಳೀತದೆ," ಎಂದ.

"ಒಂದಲ್ಲಪ್ಪ, ಎರಡು."

"ಎರಡಾ? ತಿರುವು ದಾಟಿ ಹೊರಗೆ ಬರೋವಾಗ ಮುಂದಿನ ಚಕ್ರ ಎತ್ತಿಬಿಡ್ತದೆ."

"ಎತ್ತಲಿ. ನಾನು ಹಿಡೀತೀನಿ."

ಬಸ್ಸು ಹೊರಟಿತು. ನಾನು ಕಿಟಕಿಯಿಂದ ಕೈ ಹೊರಗೆ ಹಾಕಿದೆ. ತಿರುಗಿ ನೋಡಿದಾಗ ರಂಗಸ್ವಾಮಿ ತನ್ನ ಅಂಗೈಯ ಮೇಲೆ ಬೆರಳಿನಿಂದ ಚಕ್ರ ಬರೆದು ತೋರಿಸುತ್ತಿದ್ದ, ಮಗಳು ಜೋರಾಗಿ ತಲೆಯಾಡಿಸಿ ಅಲ್ಲವೆನ್ನುತ್ತಿದ್ದಳು. ನನ್ನ ಬಸ್ಸು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಜಾನಕಿ ಒಬ್ಬಳೇ ನಗುತ್ತ, ಮೂವರ ಪರವಾಗಿಯೂ ಕೈ ಬೀಸುತ್ತಿದ್ದಳು.